ಹಳೆ ಪಿಕಪ್‌ನ ಬ್ರೇಕ್ ಕೆಟ್ಟರೆ ಮೊದಲು ಎಲ್ಲಿ ನೋಡಬೇಕು?

ಪಿಕಪ್ ಹಳೆಯದಾಗಿ, ಬ್ರೇಕ್ ಮೊದಲಿನ ಹಾಗೆ ಹಿಡಿಯುತ್ತಿಲ್ಲ ಅನ್ನಿಸಿದಾಗ ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಎರಡೇ ಕೆಲಸ. ಬಾನೆಟ್ ಎತ್ತಿ ಡಬ್ಬಿಗೆ ಬ್ರೇಕ್ ಆಯಿಲ್ ಸುರಿಯುವುದು, ಇಲ್ಲವೇ ಗ್ಯಾರೇಜಿಗೆ ಒಯ್ದು "ಎಲ್ಲಾ ಹೊಸಾ ಲೈನರ್ ಹಾಕಿಬಿಡ್ರಿ" ಅನ್ನುವುದು. ಮೊದಲನೆಯದರಲ್ಲಿ ದುಡ್ಡು ಉಳಿಯಿತು ಅನ್ನಿಸುತ್ತದೆ, ಎರಡನೆಯದರಲ್ಲಿ ಕೆಲಸ ಪೂರ್ತಿ ಆಯಿತು ಅನ್ನಿಸುತ್ತದೆ. ಆದರೆ ಬ್ರೇಕ್ ಯಾಕೆ ಹಿಡಿಯುತ್ತಿಲ್ಲ ಅಂತ ಎರಡು ಕಡೆಯೂ ಯಾರೂ ಕೇಳಿರುವುದಿಲ್ಲ. ಅದಕ್ಕೇ ಹೊಸ ಲೈನರ್ ಹಾಕಿಸಿಕೊಂಡು ಹೋದ ಗಾಡಿ ಸ್ವಲ್ಪ ದಿನಕ್ಕೇ ಮತ್ತೆ ಅದೇ ಗ್ಯಾರೇಜಿನ ಮುಂದೆ ಬಂದು ನಿಲ್ಲುತ್ತದೆ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ರೈತರ ಮಾಲು ಓಡಾಡುವುದೇ ಇಂಥ ಗಾಡಿಗಳ ಮೇಲೆ. ತಿಕೋಟಾದ ದ್ರಾಕ್ಷಿ, ಇಂಡಿಯ ಲಿಂಬೆ, ಮಹಾಲಿಂಗಪುರದ ಬೆಲ್ಲ, ಬೆಳಗಾವಿಯಿಂದ ಗೋವಾಕ್ಕೆ ಹೋಗುವ ತರಕಾರಿ. ಬೊಲೆರೊ ಪಿಕಪ್, ಟಾಟಾ 207, ದೋಸ್ತ್, ಯಾವುದೇ ಇರಲಿ, ಬಹಳಷ್ಟು ಹತ್ತು ವರ್ಷ ದಾಟಿದವು, ಎರಡು ಮೂರು ಮಾಲೀಕರನ್ನು ಕಂಡವು. ಮಾಡೆಲ್‌ನಿಂದ ಮಾಡೆಲ್‌ಗೆ ಸಣ್ಣಪುಟ್ಟ ವ್ಯತ್ಯಾಸ ಇದ್ದರೂ ಬ್ರೇಕ್ ಕೆಲಸ ಮಾಡುವ ರೀತಿ ಹೆಚ್ಚು ಕಡಿಮೆ ಒಂದೇ. ನಾನು ಹೇಳಬೇಕಾಗಿರುವುದು ಇಷ್ಟು: ಕಾಲಿನಿಂದ ಹೊರಟ ಒತ್ತಡ ಗಾಲಿ ಮುಟ್ಟುವಷ್ಟರಲ್ಲಿ ಎಲ್ಲಿ ಸೋರಿಹೋಗುತ್ತಿದೆ ಅಂತ ಮೊದಲು ಹಿಡಿಯಬೇಕು. ಅದು ಸಿಕ್ಕರೆ ಏನು ಬದಲಿಸಬೇಕು, ಏನು ಬಿಡಬಹುದು ಅನ್ನೋದು ತಾನಾಗಿಯೇ ತಿಳಿಯುತ್ತದೆ.

ಪೆಡಲ್ ಒತ್ತಿದಾಗ ಏನಾಗುತ್ತದೆ

ಪೆಡಲ್ ಒತ್ತಿದ ಕೂಡಲೇ ಅದರ ಹಿಂದಿನ ಬೂಸ್ಟರ್ ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುತ್ತದೆ. ಬೂಸ್ಟರ್ ಕೆಲಸ ಮಾಡುವುದು ವ್ಯಾಕ್ಯೂಮ್‌ನಿಂದ. ಡೀಸೆಲ್ ಎಂಜಿನ್‌ಗೆ ಅದಕ್ಕಾಗಿ ಬೇರೆಯೇ ಪಂಪ್ ಬೇಕು, ಹಲವು ಪಿಕಪ್‌ಗಳಲ್ಲಿ ಆ ಪಂಪ್ ಆಲ್ಟರ್ನೇಟರ್‌ನ ಬೆನ್ನಿಗೆ ಕೂತಿರುತ್ತದೆ. ಬೂಸ್ಟರ್‌ನ ಮುಂದೆ ಮಾಸ್ಟರ್ ಸಿಲಿಂಡರ್. ಅದು ಆಯಿಲನ್ನು ಒತ್ತುತ್ತದೆ. ಆ ಒತ್ತಡ ಕಬ್ಬಿಣದ ಪೈಪು, ರಬ್ಬರ್ ಹೋಸ್ ದಾಟಿ ಗಾಲಿ ಸೇರುತ್ತದೆ. ಹೆಚ್ಚಿನ ಪಿಕಪ್‌ಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದೆ ಪ್ಯಾಡ್‌ಗಳು ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುತ್ತವೆ, ಹಿಂದೆ ಲೈನರ್ ಡ್ರಮ್ಮಿನ ಒಳಮೈಗೆ ಅಗಲವಾಗಿ ಒತ್ತಿಕೊಳ್ಳುತ್ತದೆ.

ಮಾಸ್ಟರ್ ಸಿಲಿಂಡರ್ ಒಳಗೆ ಎರಡು ಪ್ರತ್ಯೇಕ ಭಾಗಗಳಿರುತ್ತವೆ. ಒಂದು ಲೈನ್ ಒಡೆದರೂ ಇನ್ನೊಂದು ಹಿಡಿಯಲಿ ಅಂತ ಈ ಏರ್ಪಾಡು. ಆಗ ಪೆಡಲ್ ಬಹಳ ಕೆಳಗೆ ಹೋಗುತ್ತದೆ, ಹಿಡಿತ ಅರ್ಧಕ್ಕಿಂತ ಕಡಿಮೆಯೂ ಆಗಬಹುದು, ಆದರೆ ಗಾಡಿ ಹೇಗೋ ನಿಲ್ಲುತ್ತದೆ. ಇಲ್ಲೇ ಅಪಾಯ ಇರುವುದು. "ಸ್ವಲ್ಪ ಕೆಳಗ ಹೋಗತೈತಿ, ಆದ್ರ ಹಿಡೀತೈತಿ" ಅಂತ ಅದೇ ಗಾಡಿಯಲ್ಲಿ ಮಾಲು ಹೇರಿಕೊಂಡು ಹೋಗುವವರಿದ್ದಾರೆ. ಆ ಗಾಡಿಗೆ ಇನ್ನು ಉಳಿದಿರುವುದು ಒಂದೇ ಲೈನು.

ಬ್ರೇಕ್ ಅಂದರೆ ಶಾಖ

ಓಡುವ ಗಾಡಿಯ ಶಕ್ತಿ ಎಲ್ಲಿಗೂ ಮಾಯವಾಗುವುದಿಲ್ಲ. ಬ್ರೇಕ್ ಅದನ್ನು ಶಾಖ ಮಾಡುತ್ತದೆ, ಅಷ್ಟೇ. ಗಾಡಿ, ಮಾಲು ಎಲ್ಲ ಸೇರಿ 3 ಟನ್ ಅಂತ ಇಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ಒಂದು ಲೀಟರ್‌ಗಿಂತ ಜಾಸ್ತಿ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಮಾಲು ಹೆಚ್ಚಾದಷ್ಟೂ ಶಾಖ ಅದೇ ಲೆಕ್ಕದಲ್ಲಿ ಏರುತ್ತದೆ. ವೇಗದ ಲೆಕ್ಕವೇ ಬೇರೆ: 40ರ ಬದಲು 80ರಲ್ಲಿ ಹೋದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಈಗ ಚೋರ್ಲಾ ಘಾಟ್ ನೆನಪಿಸಿಕೊಳ್ಳಿ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗೋವಾ ಕಡೆ ಹೋಗುವ ತರಕಾರಿ ಗಾಡಿ ಅಷ್ಟೂ ಎತ್ತರ ಇಳಿಯಬೇಕು, ಅದರಲ್ಲಿ ಹೆಚ್ಚಿನ ಭಾಗ ಘಾಟ್‌ನ ಕೆಲವೇ ಕಿಲೋಮೀಟರ್‌ಗಳಲ್ಲಿ. 3 ಟನ್ ಗಾಡಿ ಈ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, 60ರಿಂದ ಸುಮಾರು 50 ಸಲ ಪೂರ್ತಿ ನಿಲ್ಲಿಸಿದ್ದಕ್ಕೆ ಸಮ. ಅಷ್ಟನ್ನೂ ಬ್ರೇಕ್ ಒಂದೇ ನುಂಗಬೇಕಾದರೆ ಹೊಸ ಗಾಡಿಯದ್ದೂ ಕಾದು ಕೆಂಡವಾಗುತ್ತದೆ. ಗೇರಿನಲ್ಲಿ ಇಳಿಯಿರಿ ಅಂತ ಹಿರಿಯ ಡ್ರೈವರ್‌ಗಳು ಹೇಳುವುದು ಇದಕ್ಕೇ. ಏರಲು ಯಾವ ಗೇರ್ ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ, ಎಂಜಿನ್ ಬಂದ್ ಮಾಡಿ ಇಳಿಯುವವರೂ ಇದ್ದಾರೆ. ಎಂಜಿನ್ ನಿಂತರೆ ವ್ಯಾಕ್ಯೂಮ್ ಪಂಪ್ ಕೂಡ ನಿಂತಂತೆ. ಬೂಸ್ಟರ್‌ನಲ್ಲಿ ಉಳಿದದ್ದು ಎರಡು ಮೂರು ಸಲ ಒತ್ತುವಷ್ಟು ಮಾತ್ರ, ಆಮೇಲೆ ಪೆಡಲ್ ಕಲ್ಲಾಗುತ್ತದೆ.

ಬ್ರೇಕ್ ಕಾದಾಗ ಮೂರು ಬೇರೆ ಬೇರೆ ತೊಂದರೆ ಆಗುತ್ತವೆ, ಕಾಲಿಗೆ ಅವು ಗೊತ್ತಾಗುವ ರೀತಿಯೂ ಬೇರೆ. ಪ್ಯಾಡ್, ಲೈನರ್ ಅತಿಯಾಗಿ ಕಾದರೆ ಅವುಗಳ ಹಿಡಿತ ಸಡಿಲುತ್ತದೆ. ಪೆಡಲ್ ಗಟ್ಟಿಯಾಗೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ಮಾತ್ರ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಹಿಂದಿನ ಡ್ರಮ್ ಕಾದು ಹಿಗ್ಗಿದರೆ ಲೈನರ್‌ನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಆಯಿಲ್ ಕುದಿಯುವುದು. ಆಗ ಪೆಡಲ್ ಮೆತ್ತಗಾಗಿ ಸೀದಾ ನೆಲ ಮುಟ್ಟುತ್ತದೆ.

ಆಯಿಲ್ ಅನ್ನೋ ಮರೆತುಹೋದ ಬಿಡಿಭಾಗ

ಎಂಜಿನ್ ಆಯಿಲ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ. ಬ್ರೇಕ್ ಆಯಿಲ್ ಮಾತ್ರ ಗಾಡಿ ಶೋರೂಮಿನಿಂದ ಬಂದಾಗ ಹಾಕಿದ್ದೇ ಎಷ್ಟೋ ಗಾಡಿಗಳಲ್ಲಿ ಹಾಗೇ ಇರುತ್ತದೆ, ಕಡಿಮೆಯಾದಾಗ ಮೇಲೆ ಸ್ವಲ್ಪ ಸುರಿದಿದ್ದು ಬಿಟ್ಟರೆ. ಈ ಆಯಿಲ್ ಗಾಳಿಯಲ್ಲಿನ ನೀರಿನ ಅಂಶವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿ ಹಳತಾದಾಗ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4 ಹೊಸದಿದ್ದಾಗ 230, ಹಳತಾದಾಗ 155. ಅಂದರೆ ಊರೊಳಗೆ ಚೆನ್ನಾಗೇ ಹಿಡಿಯುತ್ತಿದ್ದ ಬ್ರೇಕ್ ಘಾಟ್‌ನಲ್ಲಿ ಮಾತ್ರ ಕೈಕೊಡಬಹುದು, ತಣ್ಣಗಾದ ಮೇಲೆ ಏನೂ ಆಗಿಲ್ಲವೇನೋ ಅನ್ನುವಷ್ಟು ಸರಿಯಾಗಿಯೂ ಬಿಡಬಹುದು. ಮಿಸ್ತ್ರಿ ನೋಡಿದಾಗ ಏನೂ ಸಿಗುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಹಳೇ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿಸಿ. ಮೇಲೆ ಸುರಿಯುವುದಲ್ಲ, ನಾಲ್ಕೂ ಗಾಲಿಯ ಬ್ರೇಕಿನಲ್ಲಿ ಆಯಿಲ್ ಹೊರಬಿಡಲು ಇರುವ ನಿಪ್ಪಲ್‌ನಿಂದ ಕಪ್ಪು ಆಯಿಲ್ ಹೋಗಿ ತಿಳಿ ಬಣ್ಣದ್ದು ಬರುವವರೆಗೆ. ಬ್ರೇಕ್‌ನ ಎಲ್ಲ ಕೆಲಸಗಳಲ್ಲಿ ಅತಿ ಅಗ್ಗದ್ದು ಇದು, ಅತಿ ಜಾಸ್ತಿ ನಿರ್ಲಕ್ಷ್ಯಕ್ಕೆ ಒಳಗಾದದ್ದೂ ಇದೇ. ಡಬ್ಬಿಯ ಮುಚ್ಚಳದ ಮೇಲೆ ಯಾವ ಆಯಿಲ್ ಅಂತ ಬರೆದಿರುತ್ತದೆ, ಅದನ್ನೇ ಹಾಕಬೇಕು. ದಾರಿಯಲ್ಲಿ ಸಿಗಲಿಲ್ಲ ಅಂತ ಎಂಜಿನ್ ಆಯಿಲೋ ಸ್ಟೀರಿಂಗ್ ಆಯಿಲೋ ಹಾಕಿದರೆ ಒಳಗಿನ ರಬ್ಬರ್ ಸೀಲ್‌ಗಳೆಲ್ಲ ಉಬ್ಬಿಹೋಗುತ್ತವೆ. ಆಮೇಲೆ ಆಯಿಲ್ ಬದಲಿಸಿದರೆ ಸಾಲದು, ಮಾಸ್ಟರ್‌ನಿಂದ ಹಿಡಿದು ಗಾಲಿಯವರೆಗೆ ರಬ್ಬರ್ ಇರುವುದನ್ನೆಲ್ಲ ಬದಲಿಸಬೇಕು.

ಡಬ್ಬಿಯಲ್ಲಿ ಆಯಿಲ್ ಇಳಿದಿದೆ ಅಂದರೆ ಸೋರಿಕೆಯೇ ಅಂತ ಗಾಬರಿ ಬೇಡ. ಮುಂದಿನ ಪ್ಯಾಡ್ ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ ಹೊರಗೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಸ್ವಲ್ಪ ಇಳಿಯುತ್ತದೆ. ಅದು ತಿಂಗಳುಗಟ್ಟಲೆ ನಿಧಾನವಾಗಿ ಆಗುವಂಥದ್ದು. ಮೊನ್ನೆ ತುಂಬಿಸಿದ್ದು ಇವತ್ತು ಮತ್ತೆ ಇಳಿದಿದ್ದರೆ ಮಾತ್ರ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಆ ಗಾಡಿಗೆ ಅವತ್ತು ಬಾಡಿಗೆ ಒಪ್ಪಿಕೊಳ್ಳಬೇಡಿ.

ಕಾಲಿಗೆ ಏನು ಗೊತ್ತಾಗುತ್ತದೆ

ಗ್ಯಾರೇಜಿಗೆ ಹೋಗುವ ಮೊದಲು ಸಪಾಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಇಷ್ಟು ಮಾಡಿ ನೋಡಿ.

ಎಂಜಿನ್ ಬಂದ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿ. ಪೆಡಲ್ ಕಾಲಿನ ಕೆಳಗೆ ಸ್ವಲ್ಪ ಇಳಿದರೆ ಬೂಸ್ಟರ್ ಸರಿ ಇದೆ. ಇಳಿಯದೇ ಕಲ್ಲಿನ ಹಾಗೇ ಇದ್ದರೆ ತೊಂದರೆ ಬೂಸ್ಟರ್‌ನಲ್ಲಿ, ವ್ಯಾಕ್ಯೂಮ್ ಪೈಪಿನಲ್ಲಿ ಅಥವಾ ಪಂಪಿನಲ್ಲಿ. ಇಂಥ ಗಾಡಿಗೆ ಎಷ್ಟು ಜೊತೆ ಲೈನರ್ ಹಾಕಿದರೂ ಪ್ರಯೋಜನ ಇಲ್ಲ. ಬೂಸ್ಟರ್ ಬದಲಿಸುವ ಮೊದಲು ಪೈಪ್ ನೋಡಿ, ಬಿರುಕು ಬಿಟ್ಟ ಒಂದು ತುಂಡು ಪೈಪಿಗೆ ಬೂಸ್ಟರ್‌ನ ದುಡ್ಡು ಕೊಡುವುದು ಬೇಡ. ಇತ್ತೀಚೆಗೆ ಆಲ್ಟರ್ನೇಟರ್ ಬಿಚ್ಚಿ ರಿಪೇರಿ ಮಾಡಿಸಿದ್ದರೆ ಅದನ್ನು ಮಿಸ್ತ್ರಿಗೆ ತಪ್ಪದೇ ಹೇಳಿ, ಪಂಪ್ ಅದರ ಬೆನ್ನಿಗೇ ಇದ್ದರೆ ಸುಳಿವು ಅಲ್ಲೇ ಸಿಗಬಹುದು.

ಎಂಜಿನ್ ಚಾಲೂ ಇರುವಾಗ ಪೆಡಲ್ ಒಂದೇ ಸಮ ಒತ್ತಿ ಹಿಡಿಯಿರಿ. ಅದು ನಿಧಾನವಾಗಿ ಕೆಳಗೆ ಜಾರುತ್ತಾ ಹೋಗುತ್ತಿದೆಯೇ? ಹೊರಗೆ ಎಲ್ಲೂ ಆಯಿಲ್ ಕಾಣುತ್ತಿಲ್ಲವೇ? ಹಾಗಿದ್ದರೆ ಮಾಸ್ಟರ್ ಸಿಲಿಂಡರ್‌ನ ಒಳಗಿನ ಸೀಲ್ ಹೋಗಿದೆ, ಆಯಿಲ್ ಒಳಗೊಳಗೇ ಹಿಂದಕ್ಕೆ ದಾಟುತ್ತಿದೆ.

ಇನ್ನು ಬಹಳ ಜನ ಗೊಂದಲ ಮಾಡಿಕೊಳ್ಳುವ ವಿಷಯ. ಮೊದಲ ಸಲ ಒತ್ತಿದಾಗ ಪೆಡಲ್ ಕೆಳಗೆ ಹೋಗುತ್ತದೆ, ಎರಡನೇ ಸಲಕ್ಕೆ ಮೇಲೆ ಬಂದು ಹಿಡಿಯುತ್ತದೆ. "ಏರ್ ಹಿಡದೈತಿ, ಏರ್ ತಗೀಬೇಕು" ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು, ಇಲ್ಲದೆಯೂ ಇರಬಹುದು. ಪೈಪಿನೊಳಗಿನ ಆಯಿಲಿಗೆ ಏರ್ ಸೇರಿದ್ದರೆ ಪೆಡಲ್ ಕಾಲಿಗೆ ಪುಟಿಯುವ ಹಾಗೆ ಮೆತ್ತಗಿರುತ್ತದೆ. ಎರಡನೇ ಒತ್ತಿಗೆ ಮೇಲೆ ಬಂದು ಗಟ್ಟಿಯಾಗೇ ನಿಂತರೆ ಹಿಂದಿನ ಡ್ರಮ್ಮಿನಲ್ಲಿ ಲೈನರ್ ದೂರ ಆಗಿರುವ ಸಾಧ್ಯತೆ ಜಾಸ್ತಿ. ಲೈನರ್ ಸವೆದಂತೆ ಹತ್ತಿರ ತರಲು ಒಳಗೆ ಹಲ್ಲಿನ ಚಕ್ರದ ಒಂದು ಅಡ್ಜಸ್ಟರ್ ಇರುತ್ತದೆ. ನಮ್ಮ ಎರೆಮಣ್ಣಿನ ಹೊಲದ ದಾರಿಗಳ ಧೂಳು, ಮಳೆಗಾಲದ ಕೆಸರು ಅದರಲ್ಲಿ ಸೇರಿ ತುಕ್ಕು ಹಿಡಿದರೆ ಅದು ತಿರುಗುವುದೇ ಇಲ್ಲ. ಬಿಚ್ಚಿ ತೊಳೆದು, ಹಲ್ಲು ಸರಿ ಮಾಡಿ ಕೂರಿಸಿದರೆ ಸಾಕು, ಹೊಸ ಭಾಗವೇ ಬೇಡವಾಗಬಹುದು. ಎಡಗಡೆಯದ್ದು ಬಲಕ್ಕೆ, ಬಲಗಡೆಯದ್ದು ಎಡಕ್ಕೆ ಮಾತ್ರ ಹಾಕಬಾರದು. ಸಾಮಾನ್ಯವಾಗಿ ಎರಡರ ತಿರುಪಿನ ಸುತ್ತು ಒಂದಕ್ಕೊಂದು ಉಲ್ಟಾ ಇರುತ್ತದೆ, ಅದಲು ಬದಲಾದರೆ ಹತ್ತಿರ ತರುವ ಬದಲು ದೂರ ಒಯ್ಯುತ್ತದೆ.

ಗಾಡಿ ಒಂದು ಕಡೆ ಎಳೆದರೆ

ಬ್ರೇಕ್ ಹಾಕಿದಾಗ ಗಾಡಿ ಬಲಕ್ಕೆ ಎಳೆದರೆ ಬಲಗಡೆ ಬ್ರೇಕ್ ಜಾಸ್ತಿ ಹಿಡಿಯುತ್ತಿರಬಹುದು, ಅಥವಾ ಎಡಗಡೆ ಹಿಡಿಯದೇ ಇರಬಹುದು. ಎರಡನೆಯದೇ ಹೆಚ್ಚು. ಮೊದಲು ಟೈರ್ ಹವಾ ನೋಡಿ, ಆಮೇಲೆ ಉಳಿದದ್ದು. ಮುಂದೆ ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಜಾರಾಡುವ ಪಿನ್ ಒಣಗಿ ಸಿಕ್ಕಿಕೊಂಡಿದ್ದರೆ ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಹೊಸದರಂತೆಯೇ ಉಳಿದಿರುತ್ತದೆ. ಪ್ಯಾಡ್ ಕೈಯಲ್ಲಿ ಹಿಡಿದು ನೋಡಿದರೆ ಸಾಕು, ಕಾರಣ ಅಲ್ಲೇ ಬರೆದಿರುತ್ತದೆ.

ಸ್ವಲ್ಪ ದೂರ ಓಡಿಸಿದ ಮೇಲೆ ಒಂದು ಗಾಲಿ ಮಾತ್ರ ಕಾದು, ಗಾಡಿ ಭಾರವಾದ ಹಾಗೆ ಅನ್ನಿಸುವುದು ಇನ್ನೊಂದು ತೊಂದರೆ. ಅದಕ್ಕೆ ಒಂದು ಒಳ್ಳೆಯ ಪರೀಕ್ಷೆ ಇದೆ. ಆ ಗಾಲಿ ಜ್ಯಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಅದೇ ಗಾಲಿಯ ನಿಪ್ಪಲ್ ಸ್ವಲ್ಪ ಸಡಿಲಿಸಿ. ಪಿಚಕ್ ಅಂತ ಆಯಿಲ್ ಹಾರಿ ಗಾಲಿ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಅಂತ ಅರ್ಥ. ಹತ್ತು ಹದಿನೈದು ವರ್ಷದ ರಬ್ಬರ್ ಹೋಸ್ ಹೊರಗಿನಿಂದ ಚೆನ್ನಾಗೇ ಕಂಡರೂ ಒಳಗೆ ಊದಿಕೊಂಡಿರುತ್ತದೆ. ನಿಮ್ಮ ಕಾಲಿನ ಬಲಕ್ಕೆ ಆಯಿಲ್ ಮುಂದೆ ಹೋಗುತ್ತದೆ, ಬಿಟ್ಟಾಗ ತಿರುಗಿ ಬರುವುದಿಲ್ಲ. ನಿಪ್ಪಲ್ ಸಡಿಲಿಸಿದರೂ ಗಾಲಿ ಬಿಗಿಯಾಗೇ ಇದ್ದರೆ ಹೋಸ್ ಅಲ್ಲ. ಮುಂದೆ ಆದರೆ ಕ್ಯಾಲಿಪರ್ ಪಿಸ್ಟನ್ ಅಥವಾ ಪಿನ್, ಹಿಂದೆ ಆದರೆ ಹ್ಯಾಂಡ್ ಬ್ರೇಕ್ ಕೇಬಲ್ ನೋಡಿ. ಈ ಒಂದು ಪರೀಕ್ಷೆ ಎಷ್ಟೋ ಜನರಿಗೆ ಸುಮ್ನೆ ಹೋಗುವ ಕ್ಯಾಲಿಪರ್ ದುಡ್ಡು ಉಳಿಸುತ್ತದೆ. ಪರೀಕ್ಷೆ ಆದ ಮೇಲೆ ಆ ಗಾಲಿಯ ಏರ್ ತೆಗೆಸಲೇಬೇಕು.

ಹಿಂದಿನ ಡ್ರಮ್ ಒದ್ದೆಯಾಗಿದ್ದರೆ

ಜಮಖಂಡಿಯಲ್ಲಿ ನಮ್ಮ ಗಾಡಿ ನೋಡುವ ಮಿಸ್ತ್ರಿ ಡ್ರಮ್ ಬಿಚ್ಚಿದ ಕೂಡಲೇ ಮಾಡುವ ಕೆಲಸ ನನಗೆ ತುಂಬಾ ಇಷ್ಟ. ಲೈನರ್ ಮೇಲೆ ಬೆರಳು ಒರೆಸಿ, ಎರಡು ಬೆರಳ ನಡುವೆ ತಿಕ್ಕಿ, ಮೂಗಿಗೆ ಹಿಡಿಯುತ್ತಾರೆ. ಒಮ್ಮೆ ಹಿಂದಿನ ಎಡ ಗಾಲಿ ಬಿಚ್ಚಿದಾಗ ಲೈನರ್ ಕಪ್ಪಗೆ ಜಿಡ್ಡು ಹಿಡಿದಿತ್ತು. ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ಸೋರಿದೆ ಅಂತ ನಾವೆಲ್ಲ ಅಂದುಕೊಂಡೆವು. ಅವರು ಮೂಸಿ ನೋಡಿ ಹೇಳಿದರು: "ಇದು ಬ್ರೇಕ್ ಆಯಿಲ್ ಅಲ್ರಿ ಅಣ್ಣಾರ. ಗೇರ್ ಆಯಿಲ್ ಐತಿ, ಹೌಸಿಂಗಿಂದ ಬರಾಕತ್ತೈತಿ."

ಹೌಸಿಂಗ್ ಅಂದರೆ ಹಿಂದಿನ ಆಕ್ಸಲ್ ಕೂತಿರುವ ಕವಚ. ಬ್ರೇಕ್ ಆಯಿಲ್ ತೆಳ್ಳಗೆ, ನೀರಿನ ಹಾಗೆ. ಗೇರ್ ಆಯಿಲ್ ದಪ್ಪ, ಗಂಧಕದ ಘಾಟು ವಾಸನೆ. ಬ್ರೇಕ್ ಆಯಿಲ್ ಆಗಿದ್ದರೆ ವೀಲ್ ಸಿಲಿಂಡರ್ ಬದಲಿಸಬೇಕು, ಗೇರ್ ಆಯಿಲ್ ಆಗಿದ್ದರೆ ಆಕ್ಸಲ್‌ನ ಆಯಿಲ್ ಸೀಲ್. ಅವರು ಅಷ್ಟಕ್ಕೇ ಬಿಡಲಿಲ್ಲ, ಗಾಡಿ ಕೆಳಗೆ ಹೋಗಿ ಹೌಸಿಂಗ್ ಮೇಲಿನ ಬ್ರೀದರ್ ತೋರಿಸಿದರು. ಬೆರಳ ತುದಿಯಷ್ಟು ಸಣ್ಣ ಭಾಗ, ಮಣ್ಣು ಗಟ್ಟಿಯಾಗಿ ಪೂರ್ತಿ ಮುಚ್ಚಿಹೋಗಿತ್ತು. ಗಾಡಿ ಓಡಿ ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಹೊರಹೋಗುವ ದಾರಿ ಈ ಬ್ರೀದರ್. ಅದು ಮುಚ್ಚಿದರೆ ಒತ್ತಡ ಆಯಿಲ್ ಸೀಲ್ ಮೇಲೆ ಬೀಳುತ್ತದೆ, ಆಯಿಲ್ ಡ್ರಮ್ಮಿನೊಳಗೆ ಬರುತ್ತದೆ. ಬ್ರೀದರ್ ನೋಡದೆ ಹೊಸ ಸೀಲ್, ಹೊಸ ಲೈನರ್ ಹಾಕಿದ್ದರೆ ಅದೂ ಅದೇ ದಾರಿ ಹಿಡಿಯುತ್ತಿತ್ತು. ಒಂದು ತಂತಿಯಿಂದ ಆ ರಂಧ್ರ ಬಿಡಿಸಿದ್ದೇ ಅವತ್ತಿನ ಅಸಲಿ ರಿಪೇರಿ.

ಆಯಿಲ್ ಕುಡಿದ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದು, ಉಪ್ಪುಕಾಗದ ತಿಕ್ಕಿ ಮತ್ತೆ ಹಾಕುವ ರೂಢಿ ಎಲ್ಲ ಕಡೆ ಇದೆ. ದಯವಿಟ್ಟು ಒಪ್ಪಬೇಡಿ. ಆಯಿಲ್ ಮೇಲಿನ ಪದರದಲ್ಲಿ ಮಾತ್ರ ಇರುವುದಿಲ್ಲ, ಒಳಗೆ ಇಳಿದಿರುತ್ತದೆ. ಬ್ರೇಕ್ ಕಾದ ಕೂಡಲೇ ಮತ್ತೆ ಮೇಲೆ ಬರುತ್ತದೆ. ಆ ಗಾಲಿ ಒಮ್ಮೆ ಜಾರುತ್ತದೆ, ಒಮ್ಮೆ ಗಕ್ಕನೆ ಹಿಡಿಯುತ್ತದೆ. ಬದಲಿಸುವಾಗ ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ, ಒಂದು ಕಡೆ ಹೊಸದು ಒಂದು ಕಡೆ ಹಳೆಯದು ಅಂದರೆ ಗಾಡಿ ಎಳೆಯುವುದು ಖಚಿತ. ಡ್ರಮ್ಮಿನ ಧೂಳಿಗೆ ಕಂಪ್ರೆಸರ್ ಹವಾ ಹೊಡೆಯುವುದನ್ನೂ ಬಿಡಬೇಕು. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಪುಡಿ ಪುಪ್ಪುಸಕ್ಕೆ ಹೋದರೆ ಮಿಸ್ತ್ರಿಗೂ ಪಕ್ಕದಲ್ಲಿ ನಿಂತ ಹುಡುಗನಿಗೂ ಕೆಟ್ಟದ್ದು. ನೀರು ಹಾಕಿ ತೊಳೆದರೆ ಆಯಿತು.

ಪಾಟಾ ಹೆಚ್ಚಿಸಿದರೆ ಬ್ರೇಕ್ ಕಡಿಮೆಯಾಗುತ್ತದೆ

ಪಾಟಾ ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಯ ಸ್ಪ್ರಿಂಗ್. ಇದು ಕಡಿಮೆ ಜನರಿಗೆ ಗೊತ್ತಿರುವ ವಿಷಯ, ನನ್ನ ಪ್ರಕಾರ ನಮ್ಮ ಕಡೆಯ ಗಾಡಿಗಳಿಗೆ ಅತಿ ಮುಖ್ಯವಾದದ್ದು.

ಪಿಕಪ್ ಖಾಲಿ ಇದ್ದಾಗ ಹಿಂಭಾಗ ಹಗುರ. ಆಗ ಹಿಂದಿನ ಗಾಲಿಗೆ ಪೂರ್ತಿ ಬ್ರೇಕ್ ಕೊಟ್ಟರೆ ಗಾಲಿ ಲಾಕ್ ಆಗಿ ಗಾಡಿ ಬಾಲ ತಿರುಗಿಸುತ್ತದೆ. ಮಾಲು ತುಂಬಿದಾಗ ಹಿಂದೆ ಜಾಸ್ತಿ ಬ್ರೇಕ್ ಬೇಕೇ ಬೇಕು. ಈ ಎರಡನ್ನೂ ಸರಿದೂಗಿಸಲು ಹಲವು ಪಿಕಪ್‌ಗಳಲ್ಲಿ ಚಾಸಿಗೆ ಒಂದು ವಾಲ್ವ್ ಕೂರಿಸಿ, ಅದನ್ನು ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್‌ನಿಂದ ಹಿಂದಿನ ಹೌಸಿಂಗಿಗೆ ಜೋಡಿಸಿರುತ್ತಾರೆ. ಬಿಡಿಭಾಗದ ಅಂಗಡಿಯಲ್ಲಿ ಎಲ್‌ಎಸ್‌ಪಿವಿ ಅಂದರೆ ಗೊತ್ತಾಗುತ್ತದೆ. ಮಾಲು ಹೇರಿದಾಗ ಚಾಸಿ ಕೆಳಗೆ ಕೂರುತ್ತದೆ, ಕಡ್ಡಿ ತಿರುಗುತ್ತದೆ, ವಾಲ್ವ್ ತೆರೆದು ಹಿಂದಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ಅಂದರೆ ಈ ವಾಲ್ವ್ ತೂಕವನ್ನು ತೂಗುವುದಿಲ್ಲ, ಗಾಡಿ ಎಷ್ಟು ಕೂತಿದೆ ಅನ್ನೋದನ್ನು ಮಾತ್ರ ನೋಡುತ್ತದೆ.

ಈಗ ನಾವು ಮಾಡುವುದೇನು? ಗಾಡಿ ತಂದ ಹೊಸದರಲ್ಲೇ ಜಾಸ್ತಿ ಮಾಲು ಹಾಕಲು ಹಿಂದೆ ಒಂದೆರಡು ಪಾಟಾ ಹೆಚ್ಚಿಗೆ ಹಾಕಿಸುತ್ತೇವೆ. ಎರಡು ಟನ್ ಉಳ್ಳಾಗಡ್ಡಿ ಹೇರಿದರೂ ಗಾಡಿ ಕೂರುವುದಿಲ್ಲ. ನೋಡಲು ಚೆಂದ. ಆದರೆ ವಾಲ್ವ್‌ಗೆ ಗಾಡಿ ಇನ್ನೂ ಖಾಲಿಯೇ ಇದೆ, ಹಿಂದಕ್ಕೆ ಖಾಲಿ ಗಾಡಿಯಷ್ಟೇ ಬ್ರೇಕ್ ಕೊಡುತ್ತದೆ. ಎಲ್ಲ ಭಾರ ಮುಂದಿನ ಡಿಸ್ಕ್ ಮೇಲೆ ಬೀಳುತ್ತದೆ, ಪ್ಯಾಡ್ ಬೇಗ ಬೇಗ ಸವೆಯುತ್ತದೆ, ಡಿಸ್ಕ್ ಕಾದು ಗಾಡಿ ಸ್ಟೀರಿಂಗ್ ಸಮೇತ ನಡುಗುತ್ತದೆ. ಮಾಲೀಕ ಕಂಪನಿ ಪ್ಯಾಡ್ ಸರಿ ಇಲ್ಲ ಅಂತ ಬೈಯುತ್ತಾನೆ. ಇದರ ಉಲ್ಟಾ ಕೂಡ ಇದೆ: ಪಾಟಾ ಹಳತಾಗಿ ಕುಸಿದಿದ್ದರೆ ಖಾಲಿ ಗಾಡಿಗೂ ಹಿಂದೆ ಜಾಸ್ತಿ ಬ್ರೇಕ್ ಹೋಗುತ್ತದೆ, ಮೊದಲ ಮಳೆಯಲ್ಲಿ ಒದ್ದೆ ಡಾಂಬರಿನ ಮೇಲೆ ಹಿಂದಿನ ಗಾಲಿ ಜಾರುತ್ತದೆ.

ಗಾಡಿ ಕೆಳಗೆ ಹೋಗಿ ಆ ಕಡ್ಡಿ ಇದೆಯೋ ಇಲ್ಲವೋ ಮೊದಲು ನೋಡಿ. ತುಕ್ಕು ಹಿಡಿದು ಅಲುಗಾಡದ ಸ್ಥಿತಿ ಸಾಮಾನ್ಯ, ಕಳಚಿ ತಂತಿಯಿಂದ ಕಟ್ಟಿಟ್ಟಿದ್ದೂ ಸಿಗುತ್ತದೆ. ಪಾಟಾ ಹೆಚ್ಚಿಸಿದ್ದರೆ ಅದನ್ನು ತೆಗೆದು ಕಂಪನಿ ಲೆಕ್ಕಕ್ಕೆ ತರುವುದು ಒಳ್ಳೆಯದು. ಬ್ರೇಕ್ ಇರುವುದು ಗಾಡಿಯ ಕಾಗದದಲ್ಲಿ ಬರೆದ ಒಟ್ಟು ತೂಕಕ್ಕೆ, ಪಾಟಾ ಎಷ್ಟು ಸೇರಿಸಿದರೂ ಬ್ರೇಕ್ ದೊಡ್ಡದಾಗುವುದಿಲ್ಲ.

ಬದಲಿಸುವುದೋ, ರಿಪೇರಿ ಮಾಡಿಸುವುದೋ

ಮಾಸ್ಟರ್ ಸಿಲಿಂಡರ್ ಹೋದರೆ ಕಿಟ್ ಹಾಕುವುದೋ, ಪೂರ್ತಿ ಹೊಸದೋ? ಕಿಟ್ ಅಂದರೆ ಒಳಗಿನ ರಬ್ಬರ್ ಭಾಗಗಳು ಮಾತ್ರ, ಬಹಳ ಅಗ್ಗ. ಸಿಲಿಂಡರ್ ಒಳಮೈ ಕನ್ನಡಿಯಂತೆ ನುಣ್ಣಗಿದ್ದರೆ ಕಿಟ್ ಸಾಕು. ಬೆರಳಿನ ಉಗುರಿಗೆ ಗೀರು ಸಿಕ್ಕರೆ, ತುಕ್ಕಿನ ಗುಳಿ ಕಂಡರೆ ಕಿಟ್ ಹಾಕಬೇಡಿ. ಹೊಸ ರಬ್ಬರನ್ನು ಆ ಗೀರೇ ಕೊಯ್ದು ಹಾಕುತ್ತದೆ. ಹತ್ತು ವರ್ಷ ದಾಟಿ, ಆಯಿಲ್ ಒಮ್ಮೆಯೂ ಬದಲಿಸದ ಗಾಡಿಯಲ್ಲಿ ಒಳಮೈ ನುಣ್ಣಗಿರುವುದು ಕಷ್ಟ, ಅಂಥದ್ದಕ್ಕೆ ನಾನು ಸೀದಾ ಹೊಸ ಸಿಲಿಂಡರ್ ಅನ್ನುತ್ತೇನೆ.

ಡಿಸ್ಕ್, ಡ್ರಮ್ ಲೇತ್‌ಗೆ ಹಾಕಿ ನುಣ್ಣಗೆ ಮಾಡಿಸಬಹುದು. ಬೆಳಗಾವಿಯ ಉದ್ಯಮಬಾಗದಲ್ಲಂತೂ ಲೇತ್‌ಗೆ ಬರವಿಲ್ಲ, ಎರಕದ ಕಬ್ಬಿಣ ಅಂದರೆ ಆ ಊರಿನ ಕಸುಬು. ಆದರೆ ಮಿತಿ ಇದೆ. ಡಿಸ್ಕ್ ಎಷ್ಟು ತೆಳ್ಳಗಾಗಬಹುದು, ಡ್ರಮ್ ಎಷ್ಟು ಅಗಲ ಆಗಬಹುದು ಅನ್ನೋ ಅಳತೆ ಸಾಮಾನ್ಯವಾಗಿ ಅದರ ಮೇಲೇ ಅಚ್ಚು ಹಾಕಿರುತ್ತದೆ. ತುಕ್ಕು ಒರೆಸಿ ಓದಿ, ಅಳೆದು, ಆಮೇಲೆ ಲೇತ್‌ಗೆ ಹಾಕಿಸಿ. ಮಿತಿ ದಾಟಿದ ತೆಳ್ಳಗಿನ ಡಿಸ್ಕ್ ಶಾಖ ಹಿಡಿಯುವುದಿಲ್ಲ, ಬಿರುಕು ಬಿಡುತ್ತದೆ. ಕೂದಲೆಳೆಯಂಥ ಬಿರುಕು ಅಂಚಿನವರೆಗೆ ಬಂದಿದ್ದರೆ ಅಳತೆಯೂ ಬೇಡ, ಬದಲಿಸಿ. ಪ್ಯಾಡ್ ದಪ್ಪ 3 ಮಿ.ಮೀ. ಹತ್ತಿರ ಬಂದಾಗಲೇ ಬದಲಿಸಿದರೆ ಡಿಸ್ಕ್ ಉಳಿಯುತ್ತದೆ, ಕಬ್ಬಿಣ ಕಬ್ಬಿಣಕ್ಕೆ ತಾಗಿ ಕಿರ್ರ್ ಅನ್ನುವವರೆಗೆ ಕಾದರೆ ಎರಡೂ ಹೋಗುತ್ತದೆ.

ಗುಜರಿಯಿಂದ ಡ್ರಮ್ ತರುವುದರಲ್ಲಿ ತಪ್ಪಿಲ್ಲ, ಅಳತೆ ಸರಿ ಇದ್ದರೆ. ಹೋಸ್, ಸಿಲಿಂಡರ್, ಪ್ಯಾಡ್, ಲೈನರ್ ಮಾತ್ರ ಹಳೆಯದು ತರಲೇಬಾರದು. ಗೋವಾ ಕಡೆ ದಿನಾ ಓಡುವ ಗಾಡಿಯಾದರೆ ಕಬ್ಬಿಣದ ಪೈಪನ್ನೂ ಒಮ್ಮೆ ಪೂರ್ತಿ ತೊಳೆದು ನೋಡಿ. ಕರಾವಳಿಯ ಉಪ್ಪುಗಾಳಿಗೆ ತುಕ್ಕು ಬೇಗ ಬರುತ್ತದೆ, ಕ್ಲಿಪ್ ಹಿಡಿದ ಜಾಗದಲ್ಲಿ ಒಳಗೊಳಗೇ ತಿಂದಿರುತ್ತದೆ. ಅದನ್ನು ಬೆಸುಗೆ ಹಾಕಿಸಬೇಡಿ, ಆ ಪೈಪನ್ನೇ ಬದಲಿಸಿ.

ಇಷ್ಟು ಹಳೇ ಗಾಡಿಗೆ ಇಷ್ಟೆಲ್ಲ ಖರ್ಚು ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಸರಳ. ಗಾಡಿ ಇಟ್ಟುಕೊಳ್ಳುವುದೋ ಮಾರುವುದೋ ಅನ್ನೋದನ್ನು ಎಂಜಿನ್, ಚಾಸಿ ನೋಡಿ ತೀರ್ಮಾನಿಸಿ. ಚಾಸಿ ಬಿರುಕು ಬಿಟ್ಟು ಎರಡು ಮೂರು ಕಡೆ ವೆಲ್ಡಿಂಗ್ ಕಂಡಿದ್ದರೆ, ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಹೊಸ ಖರ್ಚು ಮಾಡುವ ಮೊದಲು ಯೋಚಿಸಿ. ಆದರೆ ಇನ್ನೊಂದು ದ್ರಾಕ್ಷಿ ಸೀಸನ್ ಓಡಿಸುತ್ತೇನೆ ಅಂತ ತೀರ್ಮಾನ ಆದ ಮೇಲೆ ಬ್ರೇಕ್ ವಿಷಯದಲ್ಲಿ ಅರ್ಧ ಕೆಲಸ ಇಲ್ಲ. ಜಮಖಂಡಿ–ಮುಧೋಳ ರಸ್ತೆಯಲ್ಲಿ ಕಬ್ಬಿನ ಹಂಗಾಮಿನ ರಾತ್ರಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್, ಹಿಂದೆ ಲೈಟ್ ಇಲ್ಲದೆ, ಏಕಾಏಕಿ ಎದುರಾಗುತ್ತದೆ. ಅಲ್ಲಿ ನಿಮ್ಮ ಗಾಡಿ ಎಷ್ಟು ಹಳೆಯದು ಅಂತ ಯಾರೂ ನೋಡುವುದಿಲ್ಲ. ಸರಕು ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಆಗಬೇಕು, ಅಲ್ಲಿ ಬ್ರೇಕ್ ನೋಡುತ್ತಾರೆ ಅಂತ ಆ ಒಂದು ದಿನಕ್ಕೆ ಮಾತ್ರ ಸರಿ ಮಾಡಿಸುವವರು ಬಹಳ. ಹೇಗೂ ಬಿಚ್ಚುತ್ತೀರಿ, ಅವತ್ತೇ ಹೋಸ್, ಆಯಿಲ್, ಬ್ರೀದರ್, ವಾಲ್ವ್ ಕಡ್ಡಿ ನಾಲ್ಕನ್ನೂ ನೋಡಿಸಿಬಿಡಿ, ಬೇರೆ ಮಜೂರಿ ಉಳಿಯುತ್ತದೆ.

ಎಲ್ಲವನ್ನೂ ಒಂದೇ ದಿನ ಮಾಡಿಸಲು ದುಡ್ಡಿಲ್ಲ ಅಂದರೆ ಕ್ರಮ ಹೀಗಿರಲಿ. ಆಯಿಲ್ ಸೋರಿಕೆ, ಜಾರುವ ಪೆಡಲ್, ಉಬ್ಬಿದ ಅಥವಾ ಬಿರುಕು ಬಿಟ್ಟ ಹೋಸ್, ಜಿಡ್ಡು ಹಿಡಿದ ಲೈನರ್, ಕೆಲಸ ಮಾಡದ ಬೂಸ್ಟರ್, ಇವು ಇರುವ ಗಾಡಿ ಗ್ಯಾರೇಜಿಗೂ ಓಡಬಾರದು, ಮಿಸ್ತ್ರಿಯೇ ಬರಲಿ. ತೆಳ್ಳಗಾದ ಪ್ಯಾಡ್, ಸಿಕ್ಕಿಕೊಂಡ ಅಡ್ಜಸ್ಟರ್, ಒಂದು ಕಡೆ ಎಳೆತ, ಇವಕ್ಕೆ ಮುಂದಿನ ಬಾಡಿಗೆಗೆ ಮೊದಲು ಸಮಯ ಮಾಡಿಕೊಳ್ಳಿ, ಅಲ್ಲಿಯವರೆಗೆ ಮಾಲು ಹೇರಬೇಡಿ. ಬೆಳಿಗ್ಗೆ ಮೊದಲ ಎರಡು ಬ್ರೇಕಿಗೆ ಬರುವ ಸಣ್ಣ ಕಿರ್ ಸದ್ದು ಬರೀ ರಾತ್ರಿಯ ತುಕ್ಕು, ಅದಕ್ಕೆ ಏನೂ ಮಾಡಬೇಕಿಲ್ಲ.

ಹೊಸ ಪ್ಯಾಡ್, ಲೈನರ್ ಹಾಕಿದ ದಿನವೇ ವಂಟಮುರಿ ಘಾಟ್ ಕಡೆಗೋ ಚೋರ್ಲಾ ಕಡೆಗೋ ಲೋಡ್ ಹಾಕಿಕೊಂಡು ಹೊರಡಬೇಡಿ. ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ತಾಗಿ ಕೂರಲು ಸಮಯ ಬೇಕು. ಖಾಲಿ ಗಾಡಿಯಲ್ಲಿ, ಜನ ಕಡಿಮೆ ಇರುವ ರಸ್ತೆಯಲ್ಲಿ 50ರಿಂದ 20ಕ್ಕೆ ಹದವಾಗಿ ಇಳಿಸಿ, ಬಿಟ್ಟು ಓಡಿಸಿ ತಣ್ಣಗಾಗಲು ಬಿಡಿ, ಮತ್ತೆ ಇಳಿಸಿ. ಹೀಗೆ ಒಂದು ಹದಿನೈದಿಪ್ಪತ್ತು ಸಲ. ಆಮೇಲೆ ನಿಲ್ಲಿಸಿ, ನಾಲ್ಕೂ ಗಾಲಿಯ ಹತ್ತಿರ ಮುಟ್ಟದೆ ಕೈ ಹಿಡಿದು ನೋಡಿ. ಮುಂದಿನ ಎರಡು ಒಂದೇ ಸಮ, ಹಿಂದಿನ ಎರಡು ಒಂದೇ ಸಮ ಬಿಸಿ ಇರಬೇಕು. ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಮಾಲು ಹೇರುವ ಮೊದಲು ಗಾಡಿ ವಾಪಸ್ ಮಿಸ್ತ್ರಿ ಹತ್ತಿರ ಒಯ್ದು, ಯಾವ ಗಾಲಿ ಅಂತ ಕೈ ಮಾಡಿ ತೋರಿಸಿ.